ಅಜ್ಜಿಯ ಸೀರೆಯ ಮೇಲಿನ ಕಛೇರಿ

ನನಗೊಂದು ವಿಚಿತ್ರವಾದ ಅಭ್ಯಾಸವಿದೆ. ಸಂಗೀತ ಕಛೇರಿಗೆ ಹೋದರೆ ನಾನು ವೇದಿಕೆಯ ಕಡೆ ನೋಡುವುದಿಲ್ಲ, ನನ್ನ ಮಡಿಲನ್ನು ನೋಡಿಕೊಂಡು ಕೂರುತ್ತೇನೆ. ತಿಳಿ ಬಣ್ಣದ ಸೀರೆ ಉಟ್ಟ ದಿನವಂತೂ ಕತ್ತು ಮೇಲೇಳುವುದೇ ಇಲ್ಲ. ಗಣೇಶನ ಹಬ್ಬದ ಹೊತ್ತಿಗೆ ನಮ್ಮ ಒಂಟಿಕೊಪ್ಪಲಿನಲ್ಲಿ ರಸ್ತೆಗೆ ಅಡ್ಡಲಾಗಿ ಪೆಂಡಾಲು ಹಾಕಿ ಸಂಗೀತ ಏರ್ಪಡಿಸುತ್ತಾರಲ್ಲ, ಹಿಂದೊಮ್ಮೆ ಅಲ್ಲಿ ಹೀಗೇ ಕೂತಿದ್ದಾಗ ಪಕ್ಕದ ಕುರ್ಚಿಯ ಹೆಂಗಸು ಮೊಣಕೈಯಿಂದ ತಿವಿದು, "ನಿದ್ದೆ ಬಂತೇನ್ರೀ? ಮನೆಗೋಗಿ ಮಲಕ್ಕೊಳ್ರೀ, ಕತ್ತು ಹಿಡ್ಕೊಂಡ್ಬುಡುತ್ತೆ" ಎಂದು ಕರುಣೆ ತೋರಿದರು. ಹಿಂದಿನ ಸಾಲಿನ ಹಿರಿಯರೊಬ್ಬರು ಅದನ್ನು ಒಪ್ಪದೆ, "ನಿದ್ದೆ ಅಲ್ಲ ಕಣಮ್ಮ, ಅದು ತನ್ಮಯತೆ" ಎಂದು ನನ್ನ ಪರ ವಹಿಸಿದರು. ಎರಡೂ ನಿಜವಲ್ಲ. ನಾನು ಬಣ್ಣ ಬೀಳುವುದನ್ನು ಕಾಯುತ್ತಿದ್ದೆ.

ನಗಬೇಡಿ. ಹಾಡು ಶುರುವಾದರೆ ಕೂತವರ ಮೈಮೇಲೆ ಬಣ್ಣ ಬೀಳಬೇಕು ಎನ್ನುವುದು ಒಂದು ಕಾಲಕ್ಕೆ ನಮ್ಮ ಮನೆಯ ಮಟ್ಟಿಗೆ ತೀರ ಸಹಜವಾದ ಸಂಗತಿಯಾಗಿತ್ತು. ಈಚೆಗೆ ಶ್ರೀರಾಂಪುರದಲ್ಲಿ ಮನೆ ಕಟ್ಟಿಸಿದ ಸಹೋದ್ಯೋಗಿಯೊಬ್ಬರು ನನ್ನನ್ನು ಕರೆದು ಹೊಸ ಕಂಪ್ಯೂಟರಿನಲ್ಲಿ ಹಾಡು ಹಾಕಿ ತೋರಿಸಿದರು. ಹಾಡು ಏರಿದಂತೆ ಪರದೆಯ ಮೇಲೆ ನೇರಳೆ, ಹಸಿರು ಸುಳಿಗಳು ಎದ್ದು ತಿರುಗಿ ಕರಗುತ್ತಿದ್ದವು. "ನೋಡಿದ್ರಾ ಮೇಡಂ, ಹಾಡಿಗೆ ತಕ್ಕಂಗೆ ಕುಣಿಯುತ್ತೆ. ಎಂಥ ಕಾಲ ಬಂತು!" ಎಂದು ಅವರು ಹಿಗ್ಗಿದರು. ನಾನು ನೋಡುತ್ತಾ ನೋಡುತ್ತಾ ಮೈಮರೆತು, "ಚೆನ್ನಾಗಿದೆ. ಇದನ್ನ ಯಾರ ಮೇಲೆ ಬಿಡ್ತೀರಿ?" ಎಂದು ಕೇಳಿಬಿಟ್ಟೆ. ಅವರು ಗಾಬರಿಯಾಗಿ ಹೆಂಡತಿಯ ಮುಖ ನೋಡಿದರು. ಆಮೇಲೆ ಬಂದ ಕಾಫಿಯಲ್ಲಿ ಸಕ್ಕರೆ ಕಡಿಮೆಯಿತ್ತು. ನನ್ನ ಆರೋಗ್ಯದ ಬಗ್ಗೆ ಅವರಿಗೇನೋ ಅನುಮಾನ ಬಂದಿರಬೇಕು.

ಬಿಡಿಸಿ ಹೇಳಬೇಕೆಂದರೆ ನಮ್ಮ ಚಿಕ್ಕಪ್ಪನಿಂದ ಶುರುಮಾಡಬೇಕು. ಅಪ್ಪನ ತಮ್ಮ, ಸೋಮಣ್ಣ. ಅವರು ಸಿನಿಮಾ ಟಾಕೀಸುಗಳಿಗೆ ಗಾಜಿನ ಸ್ಲೈಡು ಬರೆಯುತ್ತಿದ್ದರು. ಸಿನಿಮಾಗೆ ಮೊದಲು, ಮತ್ತೆ ಇಂಟರ್‌ವಲ್ಲಿನಲ್ಲಿ, ಸೀರೆ ಅಂಗಡಿ, ಟ್ಯುಟೋರಿಯಲ್ಲು, ಮೂಲವ್ಯಾಧಿಯ ಡಾಕ್ಟರು ಎಲ್ಲರೂ ಒಬ್ಬೊಬ್ಬರಾಗಿ ಪರದೆಯ ಮೇಲೆ ಬಂದು ನಿಂತು ಹೋಗುತ್ತಿದ್ದರಲ್ಲ, ಆ ಸ್ಲೈಡು. ಅಂಗೈಯಗಲದ ಗಾಜಿನ ಮೇಲೆ ಚಿಕ್ಕಪ್ಪ ಕೂದಲೆಳೆಯಂಥ ಕುಂಚದಲ್ಲಿ ಅಕ್ಷರ ಬರೆದು ಬಣ್ಣ ತುಂಬುತ್ತಿದ್ದರು. ನಜರ್‌ಬಾದಿನ ಒಂದು ಗಲ್ಲಿಯಲ್ಲಿ ಅವರ ಅಂಗಡಿ, ಅಂಗಡಿಯ ಹಿಂದೆ ಒಂದೇ ಒಂದು ಕೋಣೆ. ಮದುವೆಯಾಗದ ಚಿಕ್ಕಪ್ಪ ಅಲ್ಲೇ ಇರುತ್ತಿದ್ದರು. ಭಾನುವಾರ ಮಾತ್ರ ಊಟಕ್ಕೆ ನಮ್ಮ ಮನೆಗೆ.

ಚಿಕ್ಕಂದಿನಲ್ಲಿ ನಾನೂ ನನ್ನ ಅಕ್ಕ ಗಿರಿಜಳೂ ಸಿನಿಮಾ ನೋಡಲು ಹೋಗುತ್ತಿದ್ದದ್ದು ಸಿನಿಮಾಗಲ್ಲ, ಚಿಕ್ಕಪ್ಪನ ಸ್ಲೈಡಿಗೆ. ಅವರು ಬರೆದ ಹಲ್ಲುಪುಡಿಯ ಜಾಹೀರಾತು ಬಂದೊಡನೆ ಇಬ್ಬರೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದೆವು. ಅಕ್ಕಪಕ್ಕದವರು ಈ ಮಕ್ಕಳಿಗೆ ಹಲ್ಲುಪುಡಿ ಕಂಡರೆ ಇಷ್ಟು ಭಕ್ತಿ ಯಾಕೆ ಎಂದು ತಿಳಿಯದೆ ನೋಡುತ್ತಿದ್ದರು. ಒಂದು ಸಲ ಟಾಕೀಸಿನವರು ಕನ್ನಡಕದ ಅಂಗಡಿಯ ಸ್ಲೈಡನ್ನು ತಲೆಕೆಳಗಾಗಿ ತೂರಿಸಿಬಿಟ್ಟರು. ಜನ ಕೇಕೆ ಹಾಕಿದರು. ಚಿಕ್ಕಪ್ಪನಿಗೆ ಎಷ್ಟು ನೋವಾಯಿತೆಂದರೆ ಆ ಸಿನಿಮಾದ ಮುಂದಿನ ಭಾಗವನ್ನು ಅವರು ಕಣ್ಣುಮುಚ್ಚಿಕೊಂಡೇ ಕಳೆದರು.

ಮನೆಯಲ್ಲಿ ನಾವು ಐವರು. ಅಪ್ಪನಿಗೆ ಸಂತೆಪೇಟೆಯಲ್ಲಿ ಗ್ರಂಥಿಗೆ ಅಂಗಡಿ. ವಿಭೂತಿ, ಅಳಲೆಕಾಯಿ, ಹರಳೆಣ್ಣೆ, ಗ್ಲಿಸರಿನ್ನು, ಹೀಗೆ ಮನುಷ್ಯನಿಗೆ ಬೇಕಾದ್ದೂ ಬೇಡವಾದ್ದೂ ಅಲ್ಲಿ ಸಿಗುತ್ತಿತ್ತು. ಅಜ್ಜಿ ಅಪ್ಪನ ತಾಯಿ. ಹಣೆಗೆ ಮೂರು ಬೆರಳಗಲದ ವಿಭೂತಿ, ಮೈಗೆ ಬಿಳಿಯ ಕಾಟನ್ ಸೀರೆ, ಬಾಯಲ್ಲಿ ನಂಜನಗೂಡು ಸೀಮೆಯ ಮಾತು. ಅಮ್ಮನಿಗೆ ಸಂಗೀತ ತವರುಮನೆಯಿಂದ ಬಂದದ್ದು. ಗಿರಿಜಕ್ಕನಿಗೆ ಮೊದಲ ಗುರು ಅಮ್ಮನೇ. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಅಲ್ಲಿಂದಲೇ, "ಗಾಂಧಾರ ಇಳೀತು ಕಣೇ" ಎಂದು ಕೂಗುತ್ತಿದ್ದಳು. ಒಗ್ಗರಣೆಯ ಚಟಪಟದಲ್ಲೂ ಅವಳಿಗೆ ಇಳಿದ ಗಾಂಧಾರ ಕೇಳಿಸುತ್ತಿತ್ತು. ನನ್ನನ್ನು ಮಾತ್ರ ಸರಳೆ ವರಸೆಯಲ್ಲೇ ಬಿಡುಗಡೆ ಮಾಡಿ, "ನಿನಗೆ ಓದು ಚೆನ್ನಾಗಿ ಹತ್ತುತ್ತೆ" ಎಂದಿದ್ದಳು. ನನ್ನ ಗಂಟಲಿನ ಬಗ್ಗೆ ಯಾರೂ ಇಷ್ಟು ಮರ್ಯಾದೆಯಾಗಿ ಇದುವರೆಗೆ ಮಾತಾಡಿಲ್ಲ.

ಗಿರಿಜಕ್ಕ ಚೆನ್ನಾಗಿ ಹಾಡುತ್ತಿದ್ದಳು. ಸುಮ್ಮನೆ ಅಕ್ಕ ಅಂತ ಹೇಳುತ್ತಿಲ್ಲ. ಮಠದಲ್ಲಿ ಶಿವರಾತ್ರಿಯ ದಿನ ಅವಳು ವಚನ ಎತ್ತಿಕೊಂಡರೆ ಪ್ರಸಾದದ ಸಾಲಿನಲ್ಲಿ ನಿಂತವರು ಮುಂದಕ್ಕೆ ಸರಿಯುವುದನ್ನು ಮರೆಯುತ್ತಿದ್ದರು. ಡಿಗ್ರಿ ಮುಗಿಸಿದ ವರ್ಷ ಅವಳಿಗೆ ಕ್ಷಯ ಅಂಟಿಕೊಂಡಿತು. ಮೊದಲು ಕೊಟ್ಟ ಮಾತ್ರೆಗಳು ಹಿಡಿಯಲಿಲ್ಲ. ಆಮೇಲೆ ಇಂಜೆಕ್ಷನ್ನು. ಅದರಿಂದ ಕಿವಿಗೆ ತೊಂದರೆಯಾಗಬಹುದು ಎಂದು ಡಾಕ್ಟರು ಮೊದಲೇ ಕೂರಿಸಿಕೊಂಡು ಹೇಳಿದ್ದರು. ಬೇರೆ ದಾರಿ ಇರಲಿಲ್ಲ. ಎದೆ ಗುಣವಾಯಿತು. ಕಿವಿ ಒಂದೊಂದಾಗಿ ಶಬ್ದಗಳನ್ನು ಬಿಟ್ಟುಕೊಡುತ್ತಾ ಬಂದಿತು. ಮೊದಲು ಹಿತ್ತಲಿನ ಗುಬ್ಬಿಗಳು ಹೋದವು, ಆಮೇಲೆ ಕುಕ್ಕರಿನ ವಿಷಲ್ಲು, ಆಮೇಲೆ ಫೋನು, ಕೊನೆಗೆ ಅಮ್ಮನ ದನಿ. ನಮ್ಮ ತುಟಿ ನೋಡಿ ಮಾತು ತಿಳಿದುಕೊಳ್ಳುವುದನ್ನು ಅವಳು ಬೇಗ ಕಲಿತಳು. ಹಾಡುವುದನ್ನು ನಿಲ್ಲಿಸಿದಳು.

ಅವಳು ನಿಲ್ಲಿಸಿದ್ದು ಹಾಡನ್ನು. ನಾವು ಎಲ್ಲವನ್ನೂ ನಿಲ್ಲಿಸಿದೆವು. ಅಮ್ಮ ರೇಡಿಯೋವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದಳು. ಶ್ರುತಿಪೆಟ್ಟಿಗೆ ಮಂಚದ ಕೆಳಗೆ ಹೋಯಿತು. ಟೀವಿಯಲ್ಲಿ ಯಾರಾದರೂ ಬಾಯಿ ತೆರೆದು ಹಾಡುವ ಸೂಚನೆ ಕಂಡರೆ ಸಾಕು, ನಾನು ಓಡಿಹೋಗಿ ಆರಿಸುತ್ತಿದ್ದೆ. ನಾವು ನಾವೇ ಮಾತಾಡುವಾಗಲೂ ದನಿ ತಗ್ಗಿಸುತ್ತಿದ್ದೆವು, ಕೇಳಿಸದವಳಿಗೆ ಎಲ್ಲಿ ಕೇಳಿಸಿಬಿಡುತ್ತದೋ ಅನ್ನುವ ಹಾಗೆ. ಅಜ್ಜಿಯೊಬ್ಬಳೇ ಎಂದಿನ ಹಾಗೆ ಗಟ್ಟಿಯಾಗಿ ಮಾತಾಡುತ್ತಿದ್ದಳು, "ಈ ಮನೇಲಿ ಎಲ್ರೂ ಯಾಕ್ ಇಂಗೆ ಪಿಸಪಿಸ ಅಂತೀರಿ, ಕಳ್ಳರಂಗೆ?" ಎಂದು ಬಯ್ಯುತ್ತಿದ್ದಳು. ಒಂದು ವರ್ಷಕ್ಕೂ ಮಿಕ್ಕಿ ಹೀಗೇ ನಡೆಯಿತು.

ಅಂಥ ಒಂದು ಭಾನುವಾರ ಚಿಕ್ಕಪ್ಪ ತಮ್ಮ ಸ್ಲೈಡು ಪ್ರೊಜೆಕ್ಟರನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದರು. ನಜರ್‌ಬಾದಿನ ಅವರ ಬೀದಿಯಲ್ಲಿ ಬೆಳಗಿನಿಂದ ಕರೆಂಟಿರಲಿಲ್ಲ. ಸೀರೆ ಅಂಗಡಿಯ ಸ್ಲೈಡೊಂದನ್ನು ಸೋಮವಾರ ಕೊಡಬೇಕಿತ್ತು, ಅದಕ್ಕೆ ಮೊದಲು ಗೋಡೆಯ ಮೇಲೆ ಬಿಟ್ಟು ನೋಡಬೇಕಿತ್ತು. ಊಟವಾದ ಮೇಲೆ ನಡುಮನೆಯ ಕಿಟಕಿಗಳಿಗೆ ಕಂಬಳಿ ಹೊದೆಸಿ ಕತ್ತಲೆ ಮಾಡಿದೆವು. ಮಧ್ಯಾಹ್ನದ ಬಿಸಿಲು ಹೆಂಚಿನ ಸಂದಿಯಲ್ಲಿ ಸಣ್ಣ ಸಣ್ಣ ಚುಕ್ಕಿಯಾಗಿ ಇಳಿದಿತ್ತು. ಚಿಕ್ಕಪ್ಪ ದೀಪ ಹಾಕಿದರು. ಏನೂ ಕಾಣಲಿಲ್ಲ. ನಮ್ಮ ನಡುಮನೆಯ ಗೋಡೆಗೆ ಅಪ್ಪ ಕೊಳೆ ಕಾಣಬಾರದೆಂದು ಕಡುಹಸಿರು ಆಯಿಲ್ ಪೇಂಟು ಹೊಡೆಸಿದ್ದರು. ಕೊಳೆಯ ಜೊತೆಗೆ ಚಿಕ್ಕಪ್ಪನ ಸೀರೆ ಅಂಗಡಿಯೂ ಅದರೊಳಗೆ ಕಾಣದೆ ಹೋಯಿತು.

ಅಷ್ಟರಲ್ಲಿ ಅಜ್ಜಿ ಎಲೆಅಡಿಕೆ ತಟ್ಟೆ ಹುಡುಕಿಕೊಂಡು ಅಡ್ಡ ಬಂದಳು. ಗೋಡೆಯಲ್ಲಿ ಇಲ್ಲದ ಬಣ್ಣವೆಲ್ಲ ಅವಳ ಬಿಳಿ ಸೀರೆಯ ಮೇಲೆ ಒಮ್ಮೆಗೇ ಅರಳಿತು. ಅದೂ ಸುಮ್ಮನೆ ನಿಂತಿರಲಿಲ್ಲ, ಹರಿಯುತ್ತಿತ್ತು. ಸ್ಲೈಡಿನ ಬಣ್ಣ ಪೂರ್ತಿ ಒಣಗಿರಲಿಲ್ಲವಂತೆ. ದೀಪದ ಶಾಖಕ್ಕೆ ಕರಗಿ ಗಾಜಿನ ಮೇಲೆ ಕೆಳಕ್ಕೆ ಜಾರುತ್ತಿತ್ತು. ಪ್ರೊಜೆಕ್ಟರಿನಲ್ಲಿ ಎಲ್ಲವೂ ತಲೆಕೆಳಗು; ಹಾಗಾಗಿ ಅಜ್ಜಿಯ ಮೇಲೆ ಅದು ಕಾಲಿನಿಂದ ಹೊರಟು ಮೆಲ್ಲಗೆ ಹೆಗಲಿಗೆ ಏರುತ್ತಿತ್ತು. "ಏನ್ಲಾ ಸೋಮ, ನನ್ ಮ್ಯಾಲೆ ಏನೋ ಅರೀತಾ ಅದೆ?" ಎಂದು ಅಜ್ಜಿ ನಿಂತಲ್ಲೇ ನಿಂತಳು. ಹಿಂದಿನ ಬೀದಿಯ ಛತ್ರದಲ್ಲಿ ಮದುವೆ ನಡೆಯುತ್ತಿತ್ತು. ಓಲಗದ ಡೋಲಿನ ಸದ್ದು ಕೇಳುತ್ತಿತ್ತು. ಮೇಳದ ಸದ್ದು ಕಿವಿಗೆ ಬಿದ್ದರೆ ಎದುರಿಗಿದ್ದದ್ದನ್ನು ಬೆರಳಿನಿಂದ ತಟ್ಟುವುದು ಚಿಕ್ಕಪ್ಪನ ಜನ್ಮಾಂತರದ ಚಾಳಿ. ಅವರಿಗೇ ತಿಳಿಯದೆ ಪ್ರೊಜೆಕ್ಟರಿನ ಮೇಜನ್ನು ತಟ್ಟುತ್ತಿದ್ದರು. ಪ್ರತಿ ಪೆಟ್ಟಿಗೂ ಅಜ್ಜಿಯ ಸೀರೆಯ ಕೆಂಪು ಒಮ್ಮೆ ಬೆಚ್ಚಿ ಮತ್ತೆ ಹರಿಯುತ್ತಿತ್ತು.

ಬಾಗಿಲ ಹತ್ತಿರ ಕೂತು ಹೂ ಕಟ್ಟುತ್ತಿದ್ದ ಗಿರಿಜಕ್ಕ ತಲೆಯೆತ್ತಿ ನೋಡಿದಳು. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು. ಆಮೇಲೆ, ಇತ್ತೀಚೆಗೆ ರೂಢಿಯಾಗಿದ್ದ ಆ ತೀರ ಸಣ್ಣ ದನಿಯಲ್ಲಿ, "ಎಲ್ಲೋ ಡೋಲು ಬಾರಿಸ್ತಿದ್ದಾರಾ? ಆದಿತಾಳ ಅಲ್ವಾ ಚಿಕ್ಕಪ್ಪ?" ಎಂದಳು.

ಚಿಕ್ಕಪ್ಪನ ಬೆರಳು ನಿಂತಿತು. ಅಜ್ಜಿಯ ಮೇಲಿನ ಬಣ್ಣವೂ ಬೆಚ್ಚುವುದನ್ನು ನಿಲ್ಲಿಸಿತು. "ನಿಲ್ಲಿಸ್ಬೇಡಿ" ಎಂದಳು ಅಕ್ಕ.

ಮುಂದಿನ ಭಾನುವಾರ ಚಿಕ್ಕಪ್ಪ ತಯಾರಾಗಿಯೇ ಬಂದರು. ಎರಡು ಗಾಜಿನ ನಡುವೆ ಚೂರು ಜಾಗ ಬಿಟ್ಟು, ಅಂಚಿಗೆ ರಬ್ಬರು ಕೊಟ್ಟು, ಒಳಗೆ ಬಣ್ಣ ಬೆರೆಸಿದ ಹರಳೆಣ್ಣೆಯನ್ನೂ ಶಾಯಿ ಬೆರೆಸಿದ ನೀರನ್ನೂ ತುಂಬಿದ್ದರು. ಎಣ್ಣೆ ನೀರು ಒಂದಾಗುವುದಿಲ್ಲವಲ್ಲ, ಒಂದನ್ನೊಂದು ತಳ್ಳಿಕೊಂಡು ಓಡಾಡುತ್ತಿದ್ದವು. ಗಾಜಿನ ಅಂಚನ್ನು ಬೆರಳಿನಿಂದ ಅದುಮಿದರೆ ಬಣ್ಣ ಜಿಗಿಯುತ್ತಿತ್ತು. ಒಂದು ಅಂಚು ಮೃದಂಗಕ್ಕೆ, ಇನ್ನೊಂದು ಅಂಚು ಹಾಡುವವರ ದನಿಗೆ ಎಂದು ಚಿಕ್ಕಪ್ಪ ಪಾಲು ಮಾಡಿಕೊಂಡಿದ್ದರು. ಕಂಕುಳಲ್ಲಿ ಟೇಪ್ ರೆಕಾರ್ಡರೂ ಇತ್ತು. ಅದನ್ನು ನೋಡಿ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು.

"ಅವಳ ಮುಂದೆ ಹಾಡು ಹಾಕ್ತೀರಾ? ನಿಮಗೆ ಕರುಳು ಅನ್ನೋದು ಇದೆಯಾ ಸೋಮಣ್ಣ?"

ಚಿಕ್ಕಪ್ಪ ಬಾಯಿ ತೆರೆಯುವ ಮೊದಲೇ ಗಿರಿಜಕ್ಕ ಉತ್ತರ ಕೊಟ್ಟಳು. ಅವಳು ಅಮ್ಮನ ತುಟಿಯನ್ನೇ ನೋಡುತ್ತಿದ್ದಳು. "ಅಮ್ಮ, ನನಗೆ ಕೇಳಲ್ಲ ಅಂತ ನೀವೆಲ್ಲ ಯಾಕಮ್ಮ ಕಿವುಡರಾದ್ರಿ? ನಿಮ್ಮ ಪಿಸುಮಾತು ನೋಡಿದ್ರೆ ನಂಗೆ ದಿನಾ ಮನೇಲಿ ಯಾರೋ ಸತ್ತಂಗೆ ಅನ್ಸುತ್ತೆ." ಅಮ್ಮ ಒಳಗೆ ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಆಮೇಲಿನ ಎಷ್ಟೋ ಭಾನುವಾರ, ಹೊರಗೆ ಹಾಡು ನಡೆಯುವಷ್ಟು ಹೊತ್ತೂ ಆ ಬಾಗಿಲು ತೆರೆಯಲಿಲ್ಲ.

ಹೀಗೆ ನಮ್ಮ ನಡುಮನೆಯ ಕಛೇರಿ ಶುರುವಾಯಿತು. ಅರಮನೆಗೆ ಸಾಲುದೀಪ ಹಚ್ಚುವ ಊರಿನಲ್ಲಿ ನಾವು ಅಜ್ಜಿಗೆ ದೀಪ ಹಚ್ಚಿದೆವು. ಹಸಿರು ಗೋಡೆಗೆ ಬೆನ್ನು ಕೊಟ್ಟು ಚಾಪೆಯ ಮೇಲೆ ಅಜ್ಜಿ ನಡುವೆ, ಬಿಳಿ ಪಂಚೆ ಬನಿಯನ್ನಿನ ಅಪ್ಪ ಒಂದು ಕಡೆ, ಹಾಸಿಗೆಯ ಬಿಳಿ ದುಪ್ಪಟಿ ಹೊದ್ದ ನಾನು ಇನ್ನೊಂದು ಕಡೆ. ಕಛೇರಿಗೆ ಹೋದವರು ಕೇಳುಗರಾಗುತ್ತಾರೆ, ನಾವು ಪರದೆಯಾದೆವು. ಗಿರಿಜಕ್ಕ ಪ್ರೊಜೆಕ್ಟರಿನ ಪಕ್ಕ ಕೂತು ನಮ್ಮನ್ನು ನೋಡುತ್ತಿದ್ದಳು. ಅಪ್ಪನಿಗೆ ಊಟದ ಮಂಪರು. ಆಲಾಪನೆ ಮುಗಿಯುವುದರೊಳಗೆ ನಿದ್ದೆ ಹೋಗುತ್ತಿದ್ದರು. ಆದರೂ ಪರದೆಯಾಗಿ ಅವರು ಬಹಳ ಒಳ್ಳೆಯವರು. ಉಸಿರಾಡಿದಂತೆ ಹೊಟ್ಟೆಯ ಮೇಲೆ ನೀಲಿಯೆಲ್ಲ ಏರಿ ಇಳಿದು ಕೆರೆಯ ಹಾಗೆ ಕಾಣುತ್ತಿತ್ತು. ನಾನೇ ಕೆಲಸಕ್ಕೆ ಬಾರದವಳು. ನುಸಿ ಕಚ್ಚಿತು, ಕಾಲು ನೋವು ಬಂತು ಎಂದು ಅಲುಗಾಡಿ, ನನ್ನ ಪಾಲಿಗೆ ಬಿದ್ದ ರಾಗವನ್ನೆಲ್ಲ ಕದಡಿಬಿಡುತ್ತಿದ್ದೆ. ಹಾಡಿ ಹಾಳುಮಾಡಲು ಆಗದ ಸಂಗೀತವನ್ನು ಕೂತು ಹಾಳುಮಾಡಿದೆ.

ಅಜ್ಜಿಗೆ ಮಾತ್ರ ಬರಬರುತ್ತಾ ಗತ್ತು ಬಂತು. ಶನಿವಾರವೇ ಸೀರೆಗೆ ನೀಲಿ ಹಾಕಿ ಹಿಂಡಿ, ಯಾರೂ ಮುಟ್ಟದ ಹಾಗೆ ಹಿತ್ತಲಲ್ಲಿ ಒಣಗಿಸುತ್ತಿದ್ದಳು. "ಲೇ ಸೋಮ, ಓದ್ ವಾರ ಮೊಣಕಾಲ್ ತಾವ ಅಸುರು ಚೆಂದಾಗಿ ಬುಟ್ಟಿದ್ದೆ. ಈ ಸಲ ಬರೀ ಕೆಂಪು. ಎಂಗೆ ಕಾಣ್ತೀನೋ ಏನೋ" ಎಂದು ಕೊರಗುತ್ತಿದ್ದಳು. ತಾನು ಹೇಗೆ ಕಾಣುತ್ತೇನೆಂದು ಅವಳಿಗೆ ನೋಡಿಕೊಳ್ಳಲು ಆಗುತ್ತಿರಲಿಲ್ಲ. ಗಿರಿಜಕ್ಕನನ್ನೇ ಕೇಳಬೇಕು. ಅಕ್ಕ ಕೈಯಾಡಿಸಿ ಹೇಳುತ್ತಿದ್ದಳು: ಇಲ್ಲಿಂದ ಹೀಗೆ ಬಂತು ಅಜ್ಜಿ, ಇಲ್ಲಿ ಸುತ್ತಿತು, ಹೆಗಲ ಹತ್ತಿರ ಬಂದು ಒಡೆದು ಹೋಯಿತು. ನನಗೆ ಈಗಲೂ ಆ ಮಧ್ಯಾಹ್ನಗಳು ಅರೆನಿದ್ದೆಯ ಹಾಗೆ ನೆನಪಿಗೆ ಬರುತ್ತವೆ. ಬಿಸಿಯಾದ ಎಣ್ಣೆಯ ವಾಸನೆ, ಕಂಬಳಿಯ ಧೂಳು, ಹೆಂಚಿನಿಂದ ಇಳಿದ ಬೆಳಕಿನ ಚುಕ್ಕಿಗಳು, ಕತ್ತಲಲ್ಲಿ ಮೈಯೆಲ್ಲ ಬಣ್ಣವಾಗಿ ಉಸಿರು ಹಿಡಿದು ಕೂತ ನನ್ನವರು. ಯಾರ ಮುಖ ಎಲ್ಲಿ ಮುಗಿಯುತ್ತದೆ, ಯಾರದು ಎಲ್ಲಿ ಶುರುವಾಗುತ್ತದೆ ತಿಳಿಯುತ್ತಿರಲಿಲ್ಲ. ಒಂದೇ ಬಣ್ಣ ಅಪ್ಪನಿಂದ ಹೊರಟು ಅಜ್ಜಿಯನ್ನು ದಾಟಿ ನನ್ನ ಕೈಮೇಲೆ ಬಂದು ನಿಲ್ಲುತ್ತಿತ್ತು.

ಗಿರಿಜಕ್ಕ ಮೊದಮೊದಲು ತಾಳವನ್ನಷ್ಟೇ ಗುರುತಿಸುತ್ತಿದ್ದಳು. ಆಮೇಲೆ ಚಿಕ್ಕಪ್ಪನ ತಪ್ಪು ಹಿಡಿಯತೊಡಗಿದಳು. "ನೀಲಿ ತಡವಾಗಿ ಬಂತು ಚಿಕ್ಕಪ್ಪ. ಅಲ್ಲಿ ಇನ್ನೂ ಮೊದಲೇ ಎತ್ಕೋಬೇಕು." ಅವಳಿಗೆ ಬಾಯಿಪಾಠವಿದ್ದ ಹಾಡು ಯಾವುದೆಂದು ಚಿಕ್ಕಪ್ಪ ಮೊದಲೇ ಹೇಳಿರುತ್ತಿದ್ದರು. ಅವಳು ಬಣ್ಣ ನೋಡುತ್ತಾ ಒಳಗೊಳಗೇ ಅದನ್ನು ಓಡಿಸಿಕೊಳ್ಳುತ್ತಿದ್ದಳು. ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ನಾವು ಯಾರೂ ಅದನ್ನು ನೋಡಿದ ಹಾಗೆ ತೋರಿಸಿಕೊಳ್ಳಲಿಲ್ಲ.

ಶ್ರಾವಣ ಕಳೆದ ಮೇಲೆ ಒಂದು ಭಾನುವಾರ ಅಕ್ಕ ಊಟದ ಎಲೆಯ ಮುಂದೆ ಕೂತೇ, "ಇವತ್ತು ನನ್ನ ಟೇಪ್ ಹಾಕೋಣ" ಎಂದಳು.

ಅವಳ ಟೇಪ್ ಎಂದರೆ, ಕಾಯಿಲೆಗೆ ಮುಂಚಿನ ಒಂದು ಶಿವರಾತ್ರಿಯಲ್ಲಿ ಮಠದಲ್ಲಿ ಅವಳು ಹಾಡಿದ್ದನ್ನು ಚಿಕ್ಕಪ್ಪ ರೆಕಾರ್ಡು ಮಾಡಿಕೊಂಡದ್ದು. ಮೋಹನ ರಾಗದಲ್ಲಿ ಕೂರಿಸಿದ ಒಂದು ವಚನ. ಅವಳ ದನಿ ಅಂತ ಉಳಿದಿದ್ದದ್ದು ಅದೊಂದೇ. ಅಮ್ಮ ಅದನ್ನು ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದಳು. ತಾನೂ ಹಾಕಿ ಕೇಳುತ್ತಿರಲಿಲ್ಲ, ಬೇರೆಯವರಿಗೂ ಕೊಡುತ್ತಿರಲಿಲ್ಲ. "ಅದು ಬೇಡ" ಎಂದಳು ಅಮ್ಮ. ಅಕ್ಕ ಎದ್ದು ಕೈತೊಳೆದು ಬಂದು ಅಮ್ಮನ ಮುಂದೆ ಕೈಚಾಚಿ ನಿಂತಳು. ಎಷ್ಟೋ ಹೊತ್ತು ನಿಂತಳು. ಅಪ್ಪ ಮೆಲ್ಲಗೆ, "ಕೊಡೇ. ಅವಳದೇ ಅಲ್ವಾ?" ಎಂದರು. ಅಮ್ಮ ಬೀಗದ ಕೈ ತೆಗೆದಳು. ಟೇಪ್ ಕೊಟ್ಟು, ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ದನಿಯನ್ನು ನಾವು ಕೇಳಿ ಎಷ್ಟು ಕಾಲವಾಗಿತ್ತೋ. ಮೊದಲು ಮಠದ ಗಂಟೆ, ಯಾರದೋ ಕೆಮ್ಮು, ಮಗುವಿನ ಅಳು, ಆಮೇಲೆ ಅವಳು. ಅಪ್ಪನಿಗೆ ಆವತ್ತು ನಿದ್ದೆ ಬರಲಿಲ್ಲ. ಅವರ ಕೆನ್ನೆಯ ಮೇಲೆ ಹಳದಿ ಬಿದ್ದಿತ್ತು, ಅದು ಒದ್ದೆಯಾಗಿ ಹೊಳೆಯುತ್ತಿತ್ತು. ಚಿಕ್ಕಪ್ಪನ ಬೆರಳುಗಳು ಗಾಜಿನ ಅಂಚಿನಲ್ಲಿ ಓಡಾಡುತ್ತಿದ್ದವು. ಪಲ್ಲವಿ ಮುಗಿದು ಎರಡನೆಯ ಸಾಲಿಗೆ ಬರುವಾಗ ಅಕ್ಕನ ತುಟಿಯ ಜೊತೆಗೆ ದನಿಯೂ ಹೊರಟಿತು.

ನಿಜ ಹೇಳಬೇಕು. ಕೇಳಲು ಕಷ್ಟವಾಯಿತು. ಟೇಪಿನವಳು ಎಲ್ಲಿದ್ದಳೋ ಅದಕ್ಕಿಂತ ಇವಳು ಶ್ರುತಿಯಲ್ಲಿ ಬಹಳ ಕೆಳಗಿದ್ದಳು, ಒರಟಾಗಿದ್ದಳು. ಸಂಗೀತ ಹತ್ತದ ನನ್ನ ಕಿವಿಗೂ ಅದು ಚುಚ್ಚಿತು. ಒಬ್ಬಳೇ ಹುಡುಗಿಯ ಎರಡು ದನಿ, ಒಂದಕ್ಕೊಂದು ಸೇರದೆ ಪಕ್ಕಪಕ್ಕದಲ್ಲಿ ನಡೆಯುತ್ತಿದ್ದವು. ನಾನು ಉಗುರು ಕಚ್ಚುತ್ತಾ, ಯಾರಾದರೂ ನಿಲ್ಲಿಸಬಾರದೇ, ಯಾರೂ ನಿಲ್ಲಿಸದಿರಲಿ ಎಂದು ಎರಡನ್ನೂ ಒಟ್ಟಿಗೇ ಬೇಡಿಕೊಳ್ಳುತ್ತಿದ್ದೆ.

ಆಗ ಟೇಪ್ ರೆಕಾರ್ಡರು ಕರಕರ ಎಂದಿತು. ಟೇಪಿನವಳ ದನಿ ತೂಕಡಿಸುವವರ ಮಾತಿನ ಹಾಗೆ ಉದ್ದವಾಗಿ ಎಳೆದು, ದಪ್ಪವಾಗಿ, ಒಮ್ಮೆಗೇ ನಿಂತುಹೋಯಿತು. ಕಂದು ಬಣ್ಣದ ಸುರುಳಿ ಯಂತ್ರದ ಬಾಯಿಂದ ಹೊರಗೆ ಬಂದು ಜೋತಾಡಿತು. ಅಪ್ಪ ಏಳಲು ನೆಲಕ್ಕೆ ಕೈಯೂರಿದರು. ಚಿಕ್ಕಪ್ಪನ ಎಡಗೈ ತಾನಾಗಿ ಟೇಪಿನ ಕಡೆ ಹೋಯಿತು. ಹೋದದ್ದು ಅರ್ಧದಲ್ಲಿ ನಿಂತಿತು. ಅವರು ಅಕ್ಕನ ಮುಖ ನೋಡಿದರು. ಅಪ್ಪನಿಗೆ ಬೇಡ ಎಂದು ಕತ್ತಾಡಿಸಿ, ಕೈಯನ್ನು ಮತ್ತೆ ಗಾಜಿನ ಮೇಲಿಟ್ಟು ಅದೇ ತಾಳಕ್ಕೆ ಅದುಮುತ್ತಾ ಹೋದರು.

ಅಕ್ಕ ಹಾಡುತ್ತಿದ್ದಳು. ಈಗ ಮನೆಯಲ್ಲಿ ಅವಳ ದನಿಯೊಂದೇ. ಪಕ್ಕದಲ್ಲಿ ಆ ಸರಿಯಾದ ದನಿ ಇಲ್ಲದ ಮೇಲೆ ಇವಳದು ತಪ್ಪು ಎನಿಸಲಿಲ್ಲ. ಅವಳು ತನ್ನದೇ ಒಂದು ಜಾಗ ಹಿಡಿದುಕೊಂಡಿದ್ದಳು, ಕೆಳಗೆ, ಎದೆಯ ಹತ್ತಿರ. ಅಲ್ಲಿಂದ ಅಲುಗಲಿಲ್ಲ. ಅಜ್ಜಿಯ ಮೇಲೆ ನೀಲಿ ಏರಿದಾಗ ಏರಿದಳು, ಇಳಿದಾಗ ಇಳಿದಳು. ಸ್ವಲ್ಪ ಹೊತ್ತಾದ ಮೇಲೆ ಬಣ್ಣ ನೋಡಿ ಅವಳು ಹಾಡುತ್ತಿದ್ದಾಳೋ, ಅವಳನ್ನು ಕೇಳಿ ಚಿಕ್ಕಪ್ಪ ಬಣ್ಣ ಬಿಡುತ್ತಿದ್ದಾರೋ ನನಗೆ ತಿಳಿಯದೆ ಹೋಯಿತು.

ಅಡುಗೆಮನೆಯ ಬಾಗಿಲು ತೆರೆಯಿತು. ಟೇಪ್ ನಿಂತದ್ದೂ, ಹಾಡು ನಿಲ್ಲದೆ ಇದ್ದದ್ದೂ ಎರಡೂ ಅಮ್ಮನಿಗೆ ಒಳಗೆ ಕೇಳಿಸಿತ್ತು. ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ಹೊಸ್ತಿಲಲ್ಲಿ ನಿಂತಳು. ಜೋತಾಡುತ್ತಿದ್ದ ಕಂದು ಸುರುಳಿ ನೋಡಿದಳು. ಅವಳು ಅದರ ಕಡೆಗೇ ಓಡುತ್ತಾಳೆಂದು ನಾನು ಎಣಿಸಿದೆ. ಅಮ್ಮ ಓಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಬೆಳಕನ್ನು ತಡೆಯದ ಹಾಗೆ ಬಗ್ಗಿ ಬಂದು, ನನ್ನನ್ನು ಆಚೆ ಸರಿಸಿ ಅಜ್ಜಿಯ ಪಕ್ಕ ಕೂತಳು. ಅವಳದು ಮಾಸಿದ ಕಾಫಿ ಬಣ್ಣದ ಸೀರೆ. ಅದರ ಮೇಲೆ ಏನೂ ಕಾಣಲಿಲ್ಲ. ಕೈ ಮಾತ್ರ ಕಂಡಿತು, ಹಿಟ್ಟು ಮೆತ್ತಿದ ಬಿಳಿಯ ಕೈ. ಆ ಕೈಯನ್ನು ಅವಳು ಎತ್ತರಕ್ಕೆ ಎತ್ತಿ ತೊಡೆಯ ಮೇಲೆ ತಾಳ ಹಾಕತೊಡಗಿದಳು, ಮೊದಲ ಪಾಠದ ಮಗುವಿಗೆ ತೋರಿಸುವ ಹಾಗೆ ದೊಡ್ಡದಾಗಿ.

ಅಕ್ಕನ ಕಣ್ಣು ಅಜ್ಜಿಯ ಸೀರೆಯಿಂದ ಆ ಕೈಗೆ ಬಂತು. ಅವಳು ಸ್ವಲ್ಪ ಮುಂದೆ ಓಡುತ್ತಿದ್ದಳು. ಒಂದು ಸಾಲು ಬಿಟ್ಟು, ಉಸಿರು ತೆಗೆದುಕೊಂಡು, ಅಮ್ಮನ ಕೈ ಬಿದ್ದ ಜಾಗಕ್ಕೆ ಸರಿಯಾಗಿ ಎತ್ತಿಕೊಂಡಳು. ಕೊನೆಯವರೆಗೂ ಹಾಡಿದಳು.

ಮುಗಿದಾಗ ಮೊದಲು ಅಜ್ಜಿಯೇ ಮಾತಾಡಿದಳು. "ಮುಗೀತಾ? ನನ್ ಕಾಲು ಜೋಮು ಇಡ್ಕೊಂಡದೆ ಕಣ್ರಪ್ಪ, ಯಾರಾರ ಎಬ್ಬಿಸ್ರೋ." ಅವಳನ್ನು ಎಬ್ಬಿಸುವ ಗಲಾಟೆಯಲ್ಲಿ ನಾವೆಲ್ಲ ಕಣ್ಣೊರೆಸಿಕೊಂಡೆವು.

ಮುಂದೆ ಏನಾಯಿತು ಅಂತ ಕೇಳುತ್ತೀರಿ. ದೊಡ್ಡದೇನೂ ಆಗಲಿಲ್ಲ. ಅಕ್ಕ ವೇದಿಕೆ ಹತ್ತಲಿಲ್ಲ, ಕಿವಿ ಮರಳಿ ಬರಲಿಲ್ಲ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಟಾಕೀಸುಗಳು ಸ್ಲೈಡು ಬಿಡುವುದನ್ನೇ ನಿಲ್ಲಿಸಿದವು. ಚಿಕ್ಕಪ್ಪ ಬೋರ್ಡು ಬರೆಯತೊಡಗಿದರು. ಅಕ್ಕ ಅವರ ಜೊತೆ ಅಂಗಡಿಯಲ್ಲಿ ಕೂತು ಅಕ್ಷರ ಕಲಿತು, ಆ ಕೆಲಸವನ್ನು ಅವರಿಗಿಂತ ಚೆನ್ನಾಗಿ ಮಾಡಿದಳು. ಈಗ ಅಂಗಡಿ ಅವಳದೇ. ಕೆಲಸ ಮಾಡುತ್ತಾ ಹಾಡುತ್ತಾಳೆ. ಬೋರ್ಡು ಬರೆಸಲು ಬಂದವರು ಮೊದಲು ಬೆಚ್ಚುತ್ತಾರೆ, ಆಮೇಲೆ ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಅಜ್ಜಿ ಹೋದಾಗ ಅವಳನ್ನು ಮಣ್ಣು ಮಾಡುವಾಗ ವಚನ ಹಾಡಿದವಳೂ ಅಕ್ಕನೇ. ಅಮ್ಮ ಎದುರಿಗೆ ನಿಂತು ತಾಳ ಹಾಕಿದಳು.

ಟೇಪ್ ನಿಂತುಹೋದ ಆ ಭಾನುವಾರದ ಸಂಜೆಯದು ಒಂದು ಮಾತು ಉಳಿದಿದೆ.

ಕಂಬಳಿ ತೆಗೆದು ಕಿಟಕಿ ತೆರೆದಿದ್ದೆವು. ಚಿಕ್ಕಪ್ಪ ಜಗಲಿಯಲ್ಲಿ ಕೂತು ಯಂತ್ರದ ಹಲ್ಲಿನಿಂದ ಸುರುಳಿಯನ್ನು ನಾಜೂಕಾಗಿ ಬಿಡಿಸುತ್ತಿದ್ದರು. ಒಂದು ಕಡೆ ಹರಿದಿತ್ತು. "ಅಂಟಿಸ್ತೀನಿ ಅತ್ತಿಗೆ. ಒಂದೆರಡು ಅಕ್ಷರ ಹೋಗಬಹುದು ಅಷ್ಟೆ, ಮಿಕ್ಕಿದ್ದೆಲ್ಲ ಉಳಿಯುತ್ತೆ" ಎಂದು ಅಮ್ಮನಿಗೆ ಸಮಾಧಾನ ಹೇಳುತ್ತಿದ್ದರು. ನಾನು ತಡೆಯಲಾರದೆ ಅಕ್ಕನ ಎದುರಿಗೆ ಹೋಗಿ, ತುಟಿ ಕಾಣುವ ಹಾಗೆ ನಿಂತು, "ಟೇಪ್ ನಿಂತುಹೋಗಿದ್ದು ನಿನಗೆ ಗೊತ್ತಾಗಲಿಲ್ವಾ?" ಎಂದು ಕೇಳಿದೆ.

"ಗೊತ್ತಾಯ್ತು. ಅಪ್ಪ ಏಳೋಕೆ ಹೋದ್ರಲ್ಲ."

"ಮತ್ತೆ ಯಾಕೆ ನಿಲ್ಲಿಸಲಿಲ್ಲ?"

"ನೀವು ಯಾರೂ ನಿಲ್ಲಿಸೋಕೆ ಎದ್ದು ಬರಲಿಲ್ಲವಲ್ಲ" ಎಂದಳು ಅಕ್ಕ. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, ಅವರ ಕೈಯಲ್ಲಿದ್ದ ಸುರುಳಿ ನೋಡಿ, "ಅದನ್ನ ಅಂಟಿಸ್ಬೇಡಿ ಚಿಕ್ಕಪ್ಪ. ಅವಳು ನನಗಿಂತ ತುಂಬ ಚೆನ್ನಾಗಿ ಹಾಡ್ತಾಳೆ. ಅವಳು ಮನೇಲಿದ್ರೆ ನಾನು ಬಾಯಿ ಬಿಡಲ್ಲ" ಎಂದಳು.

ಚಿಕ್ಕಪ್ಪ ಅಮ್ಮನ ಮುಖ ನೋಡಿದರು. ನಾವೆಲ್ಲರೂ ನೋಡಿದೆವು. ಅಮ್ಮ ಅವರ ಕೈಯಿಂದ ಟೇಪನ್ನು ತೆಗೆದುಕೊಂಡು, ಎದುರಿನ ಕಿಟಕಿಯ ಗೂಡಿನಲ್ಲಿ, ಸಂಜೆಯ ದೀಪದ ಬತ್ತಿ, ಎಣ್ಣೆ ಕುಡಿಕೆಗಳ ಪಕ್ಕದಲ್ಲಿ ಇಟ್ಟುಬಿಟ್ಟಳು. ಒಳಗೆ ಹೋದಳು. ಮಂಚದ ಕೆಳಗೆ ಏನನ್ನೋ ಎಳೆಯುವ ಸದ್ದಾಯಿತು. ಧೂಳು ಹಿಡಿದ ಶ್ರುತಿಪೆಟ್ಟಿಗೆಯನ್ನು ಎತ್ತಿಕೊಂಡು ಬಂದು ಅಕ್ಕನ ಮುಂದೆ ಇಟ್ಟು, ಅವಳ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ಒಂದೊಂದು ಅಕ್ಷರವೂ ತುಟಿಯಲ್ಲಿ ಕಾಣುವ ಹಾಗೆ ಹೇಳಿದಳು:

"ನಿನ್ನ ಶ್ರುತಿ ಈಗ ಕೆಳಗಿದೆ. ನಾಳೆಯಿಂದ ಅಲ್ಲಿಂದಲೇ ಶುರುಮಾಡೋಣ."